ಎರಡನೇ ಸಿಲಿಂಡರ್ ಮಿಸ್ಸಿಂಗ್: ಸತ್ತದ್ದು ಕಾಯಿಲ್, ಕೊಂದದ್ದು ಆಯಿಲ್

ಐಡ್ಲಿಂಗಿನಲ್ಲಿ ಗಾಡಿ ನಡುಗುತ್ತಿತ್ತು. ಸೈಲೆನ್ಸರ್ ತುದಿಗೆ ಕೈ ಹಿಡಿದರೆ ಹೊಗೆ ಒಂದೇ ಸಮನೆ ಬರದೆ ನಡುನಡುವೆ ತಪ್ಪುತ್ತಿತ್ತು. ಏರಿನಲ್ಲಿ ಪಿಕಪ್ ಇಲ್ಲ, ಚೆಕ್ ಎಂಜಿನ್ ದೀಪ ಮಿಣುಕುತ್ತಿತ್ತು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಪ್ರತಿ ಪ್ಲಗ್ಗಿನ ತಲೆಯ ಮೇಲೂ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಒಂದೊಂದು ಕಾಯಿಲ್. ಸ್ಕ್ಯಾನರ್ ತೋರಿಸಿದ ಕೋಡ್ ಪಿ0302: ಎರಡನೇ ಸಿಲಿಂಡರ್ ಮಿಸ್ಸಿಂಗ್, ಅಂದರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ.

ಆ ದೀಪ ಸುಮ್ಮನೆ ಉರಿಯುವುದು ಬೇರೆ, ಮಿಣುಕುವುದು ಬೇರೆ. ಮಿಣುಕಿದರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ಒಳಗಿನ ಜೇನುಗೂಡು ಕರಗಿದರೆ ಖರ್ಚು ಎಲ್ಲಿಂದೆಲ್ಲಿಗೋ ಹೋಗುತ್ತದೆ. ಹಾಗಾಗಿ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಪರೀಕ್ಷೆಗೆ ಬೇಕಾದಷ್ಟು ಹೊತ್ತು ಮಾತ್ರ ಎಂಜಿನ್ ಚಾಲೂ ಮಾಡಿದೆ.

ಪಿ0302 ಎಂದರೆ ಎರಡನೇ ಸಿಲಿಂಡರಿನ ಸರದಿ ಬಂದಾಗ ಕ್ರ್ಯಾಂಕ್ ನಿಧಾನವಾಗುತ್ತಿದೆ ಎಂದು ಕ್ರ್ಯಾಂಕ್ ಸೆನ್ಸರ್ ಕಂಡಿದೆ, ಅಷ್ಟೆ. ಏಕೆ ಎಂಬುದು ಕೋಡಿನಲ್ಲಿಲ್ಲ. ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್, ಅಂದರೆ ಕೋಡ್ ಬಿದ್ದ ಕ್ಷಣದ ಅಂಕಿಗಳನ್ನು ಬರೆದಿಟ್ಟುಕೊಂಡೆ: ಆರ್‌ಪಿಎಂ 780, ಕೂಲೆಂಟ್ 88 ಡಿಗ್ರಿ, ಫ್ಯೂಯೆಲ್ ಟ್ರಿಮ್ (ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಪ್ಲಸ್ 6. ಬ್ಯಾಟರಿ ಟರ್ಮಿನಲ್ ಕಿತ್ತು ಕೋಡ್ ಅಳಿಸುವವರು ಈ ಮಾಹಿತಿಯನ್ನೂ ಕಳೆದುಕೊಳ್ಳುತ್ತಾರೆ. ಟ್ರಿಮ್ ಪ್ಲಸ್ ಕಂಡ ಕೂಡಲೇ ಪೆಟ್ರೋಲ್ ಸಾಲುತ್ತಿಲ್ಲ ಎಂದುಕೊಳ್ಳಬಾರದು. ಕಿಡಿ ಬೀಳದ ಸಿಲಿಂಡರಿನಿಂದ ಬಳಕೆಯಾಗದ ಆಮ್ಲಜನಕವೂ ಹೊರಬರುತ್ತದೆ, ಆಕ್ಸಿಜನ್ ಸೆನ್ಸರ್ ಅದನ್ನು ಗಾಳಿ ಹೆಚ್ಚು ಎಂದೇ ಓದುತ್ತದೆ. ಇನ್‌ಟೇಕ್‌ನಲ್ಲಿ ಗಾಳಿ ಸೋರಿದರೆ ಸಾಮಾನ್ಯವಾಗಿ ಐಡ್ಲಿಂಗಿನಲ್ಲಿ ಟ್ರಿಮ್ 10 ದಾಟಿ, 2500 ಆರ್‌ಪಿಎಂನಲ್ಲಿ ಇಳಿಯುತ್ತದೆ. ಇಲ್ಲಿ ಹಾಗಾಗಲಿಲ್ಲ.

ಒಂದನೇ ಸಿಲಿಂಡರ್ ಸಾಮಾನ್ಯವಾಗಿ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಇರುವ ಕಡೆ. ಆದರೂ ಮ್ಯಾನುಯಲ್ ನೋಡಿ ಖಚಿತಪಡಿಸಿಕೊಳ್ಳಬೇಕು, ಉಲ್ಟಾ ಎಣಿಸುವ ಎಂಜಿನ್‌ಗಳೂ ಇವೆ. ಐಡ್ಲಿಂಗಿನಲ್ಲಿ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್‌ಗಳ ವೈರ್ ಕಪ್ಲರ್‌ಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಹಾಕಿದೆ. 1, 3, 4ರಲ್ಲಿ ಎಂಜಿನ್ ತಕ್ಷಣ ಮುಗ್ಗರಿಸಿತು, 2ರಲ್ಲಿ ಏನೂ ಬದಲಾಗಲಿಲ್ಲ. ಇದಕ್ಕೆ ಕಾಯಿಲ್ ಕಪ್ಲರ್ ಬಿಚ್ಚುವವರೇ ಹೆಚ್ಚು. ಆಗ ಪೆಟ್ರೋಲ್ ಹೋಗುತ್ತಲೇ ಇರುತ್ತದೆ, ಪೆಟ್ಟು ಕನ್ವರ್ಟರಿಗೆ. ಕಾಯಿಲ್ ಎತ್ತಿ ಹಿಡಿದು ಕಿಡಿ ಹಾರಿಸಿ ನೋಡುವುದಂತೂ ಬೇಡವೇ ಬೇಡ. ಹತ್ತಾರು ಸಾವಿರ ವೋಲ್ಟ್, ಜೊತೆಗೆ ಎಂಜಿನ್ ಕಂಪ್ಯೂಟರ್ ಆದ ಇಸಿಯುಗೂ ಅಪಾಯ.

ಮುಂದಿನ ಹೆಜ್ಜೆ ಅದಲುಬದಲು. ಒಮ್ಮೆಗೆ ಒಂದೇ ವಸ್ತು. ಕಾಯಿಲನ್ನೂ ಪ್ಲಗ್ಗನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋಗಬಹುದು, ಕಾರಣ ಮಾತ್ರ ಸಿಗುವುದಿಲ್ಲ. 2ರ ಕಾಯಿಲನ್ನು 3ಕ್ಕೆ, 3ರದ್ದನ್ನು 2ಕ್ಕೆ ಹಾಕಿ, ಕೋಡ್ ಅಳಿಸಿ, ನಿಂತಲ್ಲೇ ಎರಡು ಮೂರು ನಿಮಿಷ ಎಂಜಿನ್ ಚಾಲೂ ಇಟ್ಟೆ. ಬಂದದ್ದು ಪಿ0303. ಕಾಯಿಲ್ ಹೋಗಿದೆ ಎಂಬುದು ಖಾತ್ರಿಯಾಯಿತು. ಕೋಡ್ 2ರಲ್ಲೇ ಉಳಿದಿದ್ದರೆ ಪ್ಲಗ್ಗನ್ನು 4ಕ್ಕೆ ಸಾಗಿಸುತ್ತಿದ್ದೆ. ಆಗಲೂ ಕದಲದಿದ್ದರೆ ಇಂಜೆಕ್ಟರ್: ಹೆಚ್ಚಿನವುಗಳಲ್ಲಿ ರೆಸಿಸ್ಟೆನ್ಸ್ 12ರಿಂದ 16 ಓಮ್, ಉದ್ದ ಸ್ಕ್ರೂಡ್ರೈವರಿನ ಹಿಡಿಗೆ ಕಿವಿ ಕೊಟ್ಟರೆ ಟಿಕ್ ಟಿಕ್ ಕೇಳಬೇಕು.

ಹೆಚ್ಚಿನವರು ಇಲ್ಲಿಗೆ ಹೊಸ ಕಾಯಿಲ್ ಹಾಕಿ ಬಾನೆಟ್ ಮುಚ್ಚುತ್ತಾರೆ. ಆದರೆ ಕಾಯಿಲ್ ಸುಮ್ಮನೆ ಸಾಯುವುದು ಕಡಿಮೆ. ಪ್ಲಗ್ಗನ್ನು ಮುಚ್ಚಿಕೊಳ್ಳುವ ಇದರ ರಬ್ಬರ್ ಬೂಟ್ ಕೆಳಗರ್ಧ ಆಯಿಲಿನಲ್ಲಿ ನೆನೆದು ಊದಿತ್ತು. ಟಾರ್ಚ್ ಬಿಟ್ಟು ನೋಡಿದರೆ ಪ್ಲಗ್ ಕುಳಿಯಲ್ಲಿ ಬೆರಳಿನಷ್ಟು ಎತ್ತರಕ್ಕೆ ಎಂಜಿನ್ ಆಯಿಲ್ ನಿಂತಿತ್ತು. ಪ್ಲಗ್ ಹೊರಬಂದ ಮೇಲೆ ಬಿಳಿ ಪಿಂಗಾಣಿಯ ಮೇಲೆ, ಮೇಲಿಂದ ಕೆಳಗೆ, ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ. ಕಿಡಿ ಪ್ಲಗ್ ತುದಿಯ ಸಂದನ್ನು, ಅಂದರೆ ಗ್ಯಾಪನ್ನು, ದಾಟುವ ಬದಲು ಹೊರಗಿನಿಂದಲೇ ಲೋಹದ ಮೈಗೆ ಇಳಿದುಹೋದ ದಾರಿ ಅದು. ಬೂಟಿನ ಒಳಗೂ ಅದರದೇ ಜೋಡಿ ಗೆರೆ. ಇದೇ ಪ್ಲಗ್ಗಿನ ಮೇಲೆ ಹೊಸ ಕಾಯಿಲ್ ಕೂರಿಸಿದರೆ ಹೊಸ ಬೂಟಿನಲ್ಲೂ ಗೆರೆ ಮೂಡುತ್ತದೆ, ಮಿಸ್ಸಿಂಗ್ ವಾಪಸ್ ಬರುತ್ತದೆ. ಮೇಲಾಗಿ ಗ್ಯಾಪ್ 1.1 ಮಿಲಿಮೀಟರ್ ಇರಬೇಕಾದ ಕಡೆ ಸವೆದು 1.3 ಆಗಿತ್ತು. ಗ್ಯಾಪ್ ಹೆಚ್ಚಿದಷ್ಟೂ ಕಾಯಿಲ್ ಹೆಚ್ಚು ವೋಲ್ಟೇಜ್ ಕೊಡಬೇಕು, ಆ ವೋಲ್ಟೇಜ್ ಸುಲಭದ ದಾರಿ ಹುಡುಕುತ್ತದೆ.

ಆಯಿಲ್ ಬಂದದ್ದು ಎಂಜಿನ್ನಿನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರಿನಲ್ಲಿ ಪ್ಲಗ್ ಕೊಳವೆಗಳ ಸುತ್ತ ಕೂರುವ ಸೀಲ್‌ಗಳಿಂದ. ಅವು ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿದ್ದವು. ಆದರೆ ಆಯಿಲನ್ನು ದೂಡಿದವನೂ ಒಬ್ಬನಿದ್ದ: ಎಂಜಿನ್ನಿನ ಕೆಳಭಾಗದ (ಕ್ರ್ಯಾಂಕ್‌ಕೇಸ್) ಒತ್ತಡವನ್ನು ಹೊರಬಿಡುವ ಪಿಸಿವಿ ವಾಲ್ವ್. ಬಿಚ್ಚಿ ಅಲ್ಲಾಡಿಸಿದರೆ ಕಟಕಟ ಸದ್ದು ಬರಬೇಕು, ಬರಲಿಲ್ಲ. ಜಿಡ್ಡು ಕಟ್ಟಿ ಕೂತಿತ್ತು. ಕ್ರ್ಯಾಂಕ್‌ಕೇಸಿನ ಒತ್ತಡಕ್ಕೆ ದಾರಿ ಮುಚ್ಚಿದರೆ ಆಯಿಲ್ ದುರ್ಬಲ ಸೀಲ್ ಹುಡುಕಿಕೊಂಡು ಹೊರಡುತ್ತದೆ.

ಕೆಲಸವನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾಡಿದೆ, ಬಿಸಿಯಿದ್ದಾಗ ಪ್ಲಗ್ ತಿರುಗಿಸಿದರೆ ಅಲ್ಯುಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತು ಬರಬಹುದು. ಪ್ಲಗ್ ಸಡಿಲಿಸುವ ಮುನ್ನವೇ ಕುಳಿಯ ಆಯಿಲನ್ನು ಸಿರಿಂಜಿನಲ್ಲಿ ಎಳೆದು, ಬಟ್ಟೆಯಲ್ಲಿ ಒರೆಸಿದೆ. ಇಲ್ಲದಿದ್ದರೆ ಆಯಿಲೂ ಮರಳೂ ನೇರ ಪಿಸ್ಟನ್ ಮೇಲೆ. ನಾಲ್ಕೂ ಪ್ಲಗ್ ಹೇಗೂ ಹೊರಗಿದ್ದವು, ಕಂಪ್ರೆಶನ್ (ಸಿಲಿಂಡರ್ ಒಳಗೆ ಏಳುವ ಒತ್ತಡ) ನೋಡಿಬಿಟ್ಟೆ: ಫ್ಯೂಯೆಲ್ ಪಂಪ್ ಫ್ಯೂಸ್ ತೆಗೆದು, ಕಾಯಿಲ್ ಕಪ್ಲರ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಪ್ರತಿ ಸಿಲಿಂಡರಿಗೂ ಐದಾರು ಸುತ್ತು. 165, 160, 165, 170 ಪಿಎಸ್‌ಐ. ತಣ್ಣನೆಯ ಎಂಜಿನ್ನಿನಲ್ಲಿ ಸಂಖ್ಯೆಗಿಂತ ಸಮತೋಲ ಮುಖ್ಯ. ಒಂದು ಮಾತ್ರ ತೀರ ಕೆಳಗಿದ್ದಿದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಬೇಕಿತ್ತು: ಏರಿದರೆ ದೋಷ ಪಿಸ್ಟನ್ ರಿಂಗಿನದು, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟಿನದು.

ಟ್ಯಾಪೆಟ್ ಕವರ್ ಗ್ಯಾಸ್ಕೆಟ್, ಕೊಳವೆಯ ನಾಲ್ಕು ಸೀಲ್, ಪಿಸಿವಿ ವಾಲ್ವ್, ನಾಲ್ಕು ಪ್ಲಗ್, ಒಂದು ಕಾಯಿಲ್ ಹೊಸದು. ಟೈಮಿಂಗ್ ಕವರ್ ಹೆಡ್ಡಿಗೆ ಸೇರುವ ಎರಡು ಮೂಲೆಗಳಲ್ಲಿ ಸಿಲಿಕೋನ್ ಸೀಲೆಂಟ್ ಒಂದೊಂದು ಬೊಟ್ಟು. ಇದನ್ನು ಮರೆತರೆ ಆಯಿಲ್ ಅಲ್ಲೇ ಜಿನುಗುತ್ತದೆ. ಕವರ್ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ, ಮ್ಯಾನುಯಲ್ ಹೇಳಿದ 9 ನ್ಯೂಟನ್ ಮೀಟರಿಗೆ ಬಿಗಿದೆ. ಸೋರುತ್ತಿದೆ ಎಂದು ಜೋರು ಬಿಗಿದರೆ ಕವರ್ ಬಿರಿಯುತ್ತದೆ, ಸೋರುವುದು ನಿಲ್ಲುವುದಿಲ್ಲ.

ಪ್ಲಗ್ಗಿನ ತಲೆಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ ಬೆರಳಲ್ಲೇ ತಿರುಗಿಸಿ ಕೂರಿಸಿದೆ. ಥ್ರೆಡ್ ಅಡ್ಡ ಹತ್ತಿದರೆ ಪೈಪ್ ಜಾರಿ ಎಚ್ಚರಿಸುತ್ತದೆ. ನಂತರ ಟಾರ್ಕ್ ರೆಂಚ್: 14 ಮಿಲಿಮೀಟರ್ ಥ್ರೆಡ್ಡಿಗೆ 25 ನ್ಯೂಟನ್ ಮೀಟರ್ ಆಸುಪಾಸು, 12ಕ್ಕೆ ಅದಕ್ಕಿಂತ ಕಡಿಮೆ. ಥ್ರೆಡ್ಡಿಗೆ ಗ್ರೀಸ್ ಬಳಿಯಬಾರದು, ಅಷ್ಟೇ ಟಾರ್ಕಿಗೆ ಪ್ಲಗ್ ಅತಿಯಾಗಿ ಬಿಗಿಯುತ್ತದೆ. ಕೈಜಾರಿ ಬಿದ್ದ ಪ್ಲಗ್ ಕಣ್ಣಿಗೆ ಸರಿ ಕಂಡರೂ ಎಸೆಯುವುದೇ ಮೇಲು, ಪಿಂಗಾಣಿ ಒಳಗೆ ಬಿರಿದಿರಬಹುದು. ವಿದ್ಯುತ್ ಹರಿಯಬಿಡದ ಡೈಎಲೆಕ್ಟ್ರಿಕ್ ಗ್ರೀಸ್ ಬೂಟಿನ ಬಾಯಿಯ ಒಳಸುತ್ತಿಗೆ ತೆಳುವಾಗಿ ಸಾಕು.

ಚಾಲೂ ಮಾಡಿದಾಗ ಐಡ್ಲಿಂಗ್ ನೆಟ್ಟಗಾಗಿತ್ತು. ಆದರೆ ಐಡ್ಲಿಂಗ್ ಸಾಕ್ಷಿಯಲ್ಲ. ಸಿಲಿಂಡರಿನ ಒಳಗೆ ಒತ್ತಡ ಹೆಚ್ಚಿದಾಗಲೇ ಕಿಡಿಗೆ ವೋಲ್ಟೇಜ್ ಹೆಚ್ಚು ಬೇಕು. ಅದಕ್ಕೇ ನಾಲ್ಕನೇ ಗೇರಿನಲ್ಲಿ 2000 ಆರ್‌ಪಿಎಂನಿಂದ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಸ್ಕ್ಯಾನರಿನ ಮಿಸ್‌ಫೈರ್ ಎಣಿಕೆ ನಾಲ್ಕೂ ಸಿಲಿಂಡರಿಗೆ ಸೊನ್ನೆ. ಎರಡು ವಾರ ಬಿಟ್ಟು 2ರ ಕಾಯಿಲ್ ಎತ್ತಿ ಕುಳಿಗೆ ಬಿಳಿ ಬಟ್ಟೆ ಇಳಿಸಿದೆ. ಬಟ್ಟೆ ಒಣಗಿಯೇ ಮೇಲೆ ಬಂತು.