112.5 ಪರ್ಸೆಂಟಿನ ಚಾವಣಿ

ಲಂಡನ್ನಿನ ಹ್ಯಾರೋದಲ್ಲಿರುವ ನಮ್ಮ ಎಂಟು ಫ್ಲ್ಯಾಟಿನ ಹಳೇ ಮನೆಯ ಚಾವಣಿ ಈಗ ಸೋರುವುದಿಲ್ಲ. ನನ್ನ ಸರ್ವೀಸ್ ಚಾರ್ಜಿನ (ಕಟ್ಟಡದ ನಿರ್ವಹಣೆ ಖರ್ಚಿನ) ಪಾಲು ಏಳರಲ್ಲಿ ಒಂದು ಇದ್ದದ್ದು ಎಂಟರಲ್ಲಿ ಒಂದಾಗಿದೆ. ಎರಡೂ ಆಗದ ಕೆಲಸ ಎಂದವರು ಕಡಿಮೆ ಜನರಲ್ಲ: ಮ್ಯಾನೇಜಿಂಗ್ ಏಜೆಂಟು (ಕಟ್ಟಡದ ಒಡೆಯ, ಅಂದರೆ ಫ್ರೀಹೋಲ್ಡರನ ಪರವಾಗಿ ನಿರ್ವಹಣೆ ನೋಡುವವರು), ಇಬ್ಬರು ಸಾಲಿಸಿಟರುಗಳು (ವಕೀಲರು), ಸ್ಲೌದಲ್ಲಿರುವ ನಮ್ಮ ಪುತ್ತೂರಿನ ಗೆಳೆಯ. "ಫ್ರೀಹೋಲ್ಡರ್ ಹತ್ರ ಲಡಾಯಿ ಯಾಕೆ ಮಾರಾಯ, ಮಾರಿ ಬೇರೆ ಕಡೆ ಹೋಗು" ಅಂತ ಅವನ ಉಪದೇಶ. ಈಗ ಅವನೇ ತನ್ನ ಲೀಸಿನ ಕಾಪಿ ನನಗೆ ವಾಟ್ಸಾಪ್ ಮಾಡಿ "ಒಂಚೂರು ನೋಡು" ಅನ್ನುತ್ತಾನೆ.

ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡವರಿಗೆ ಲೀಸ್‌ಹೋಲ್ಡ್ (ಕಟ್ಟಡ ಫ್ರೀಹೋಲ್ಡರನದ್ದು, ನಾವು ಕೊಳ್ಳುವುದು ದೀರ್ಘಾವಧಿಯ ಲೀಸು), ಗ್ರೌಂಡ್ ರೆಂಟ್ (ಅವನಿಗೆ ಕಟ್ಟುವ ನೆಲಬಾಡಿಗೆ), ಸೆಕ್ಷನ್ 20 ನೋಟಿಸು (ದೊಡ್ಡ ರಿಪೇರಿಗೆ ಮುಂಚೆ ಲೀಸ್‌ಹೋಲ್ಡರುಗಳ ಅಭಿಪ್ರಾಯ ಕೇಳುವ ಕಾಗದ) ಎಲ್ಲ ಗೊತ್ತಿರುವ ಸಂಗತಿ. ಅದನ್ನು ಬಿಟ್ಟು ನೇರವಾಗಿ ಸೋತ ಕಥೆಗೆ ಬರುತ್ತೇನೆ.

2022ರ ಕೊನೆಯಲ್ಲಿ ಏಜೆಂಟಿನಿಂದ ಸೆಕ್ಷನ್ 20ರ ಕಾಗದ ಬಂತು: ಇಡೀ ಚಾವಣಿ ಬದಲಾಯಿಸಲು ಸುಮಾರು 48,000 ಪೌಂಡ್. ನನ್ನ ಪಾಲು 6,850ರ ಹತ್ತಿರ. ಮೇಲ್ಮಹಡಿಯ ಆಂಟಿಗೆ ಅದಕ್ಕಿಂತ ಮೊದಲೇ ಬೇರೆ ಪಾಠ ಹೇಳಿದ್ದರು: ಅಟ್ಟ ನಿಮ್ಮದು, ಸೋರಿಕೆಯೂ ನಿಮ್ಮದು. ಪಾಪ, ಆಕೆ ಎರಡು ವರ್ಷ ಬಕೆಟ್ ಇಟ್ಟುಕೊಂಡು ಕೂತಿದ್ದರು.

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಇಮೇಲ್ ಮೇಲೆ ಇಮೇಲ್. ಉತ್ತರ ಬಂದರೆ ಅದು "ನಿಮ್ಮ ಅಭಿಪ್ರಾಯವನ್ನು ಗಮನಿಸಿದ್ದೇವೆ" ಎಂಬ ಒಂದೇ ಸಾಲು. ಕೆಳಗಿನ ಫ್ಲ್ಯಾಟಿನ ಹುಡುಗ ಸಿಟ್ಟಿಗೆದ್ದು ಸರ್ವೀಸ್ ಚಾರ್ಜ್ ಕಟ್ಟುವುದನ್ನೇ ನಿಲ್ಲಿಸಿದ. ಏಜೆಂಟು ನೇರವಾಗಿ ಅವನ ಮಾರ್ಟ್‌ಗೇಜ್ ಬ್ಯಾಂಕಿಗೆ ಬರೆದರು. ಬ್ಯಾಂಕು ದುಡ್ಡು ಕಟ್ಟಿ, ತನ್ನ ಫೀಸನ್ನೂ ಸೇರಿಸಿ ಅವನ ಸಾಲದ ಮೇಲೆ ಹೇರಿತು. ಸುಮಾರು 900 ಪೌಂಡ್ ದಂಡಕ್ಕೆ ಹೋಯಿತು. ಪಾಠ ಇಷ್ಟೇ: ದುಡ್ಡು ಕಟ್ಟಬೇಕು, ಜೊತೆಗೆ "ತಕರಾರಿಟ್ಟುಕೊಂಡೇ ಕಟ್ಟುತ್ತಿದ್ದೇನೆ" ಎಂದು ಬರೆದು ಕೊಡಬೇಕು.

ಆಮೇಲೆ ರೈಟ್ ಟು ಮ್ಯಾನೇಜ್, ಅಂದರೆ ಕಟ್ಟಡದ ನಿರ್ವಹಣೆಯನ್ನು ಲೀಸ್‌ಹೋಲ್ಡರುಗಳೇ ವಹಿಸಿಕೊಳ್ಳುವ ಹಕ್ಕು. 2002ರ ಕಾಯ್ದೆಯ ಪ್ರಕಾರ ಎಂಟರಲ್ಲಿ ನಾಲ್ಕು ಫ್ಲ್ಯಾಟಿನವರು ಸೇರಿದರೆ ಸಾಕು. ನಮಗೆ ಸಿಕ್ಕಿದ್ದು ಮೂವರು. ಉಳಿದವು ಬಾಡಿಗೆಗೆ ಬಿಟ್ಟ ಫ್ಲ್ಯಾಟುಗಳು, ಮಾಲೀಕರಿಗೆ ಆಸಕ್ತಿ ಇಲ್ಲ. ಒಬ್ಬರಂತೂ ಹಾಂಗ್‌ಕಾಂಗಿನಲ್ಲಿ. ಆಗದೇ ಹೋದದ್ದು ಒಳ್ಳೆಯದೇ ಆಯಿತು ಅಂತ ಈಗ ಅನ್ನಿಸುತ್ತದೆ. ಮ್ಯಾನೇಜ್‌ಮೆಂಟ್ ಕೈಗೆ ಬಂದರೂ ಲೀಸಿನೊಳಗಿನ ಪಾಲಿನ ಲೆಕ್ಕ ಹಾಗೇ ಇರುತ್ತದೆ. ನಮ್ಮ ರೋಗ ಇದ್ದದ್ದೇ ಆ ಲೆಕ್ಕದಲ್ಲಿ.

ಅದು ಸಿಕ್ಕಿದ್ದು ಹೀಗೆ. ಲ್ಯಾಂಡ್ ರಿಜಿಸ್ಟ್ರಿಗೆ ಹೋದವರು ಸಾಮಾನ್ಯವಾಗಿ ತಮ್ಮ ಫ್ಲ್ಯಾಟಿನ ಟೈಟಲ್ ರಿಜಿಸ್ಟರ್ (ಮಾಲೀಕತ್ವದ ದಾಖಲೆ) ಮಾತ್ರ ತೆಗೆಸುತ್ತಾರೆ. ನಾನು ಫ್ರೀಹೋಲ್ಡಿನದ್ದನ್ನು ತೆಗೆಸಿದೆ. ಆಗ ಒಂದು ಕಾಪಿಗೆ 3 ಪೌಂಡ್ (2024ರ ಡಿಸೆಂಬರಿನಿಂದ 7 ಆಗಿದೆ). ಅದರ ಕೊನೆಯಲ್ಲಿ ಲೀಸುಗಳ ಶೆಡ್ಯೂಲ್, ಅಂದರೆ ಪಟ್ಟಿ, ಇರುತ್ತದೆ; ಕಟ್ಟಡದ ಒಂದೊಂದು ಲೀಸಿನ ತಾರೀಖು, ಅವಧಿ, ಟೈಟಲ್ ನಂಬರು ಎಲ್ಲ ಅಲ್ಲೇ ಸಾಲಾಗಿ ಸಿಕ್ಕಿದವು. ಆ ನಂಬರುಗಳನ್ನು ಹಿಡಿದು ಎಂಟೂ ಲೀಸಿನ ಕಾಪಿಗಳನ್ನು ತರಿಸಿದೆ. ಒಟ್ಟು ನೂರು ಪೌಂಡಿನ ಒಳಗೇ ಮುಗಿಯಿತು. ಸಾಲಿಸಿಟರೊಬ್ಬರು ಇದೇ ಕೆಲಸಕ್ಕೆ 700 ಕೇಳಿದ್ದರು.

ಓದುತ್ತಾ ಹೋದರೆ ತಮಾಷೆ. ಮನೆಯನ್ನು ಎಂಬತ್ತರ ದಶಕದಲ್ಲಿ ಏಳು ಫ್ಲ್ಯಾಟಾಗಿ ಒಡೆದಿದ್ದರು. ಏಳೂ ಲೀಸಿನಲ್ಲಿ "ಏಳನೇ ಒಂದು ಪಾಲು". ಆಮೇಲೆ ನೆಲಮಾಳಿಗೆಯನ್ನು ಎಂಟನೇ ಫ್ಲ್ಯಾಟು ಮಾಡಿ, ಅದರ ಲೀಸಿನಲ್ಲಿ 12.5 ಪರ್ಸೆಂಟ್ ಅಂತ ಬರೆದರು. ಹಳೇ ಏಳನ್ನು ಯಾರೂ ತಿದ್ದಲಿಲ್ಲ. ಏಳು ಏಳನೇ ಒಂದು ಸೇರಿ ನೂರು, ಅದರ ಮೇಲೆ ಹನ್ನೆರಡೂವರೆ. ನೂರು ಪೌಂಡ್ ಖರ್ಚಿಗೆ ನೂರಾಹನ್ನೆರಡೂವರೆ ವಸೂಲಿ! ವರ್ಷದ ಖರ್ಚು 9,000 ಅಂದರೆ ಹೆಚ್ಚಾಗಿ ಬಂದದ್ದು ಸಾವಿರದ ನೂರು ಚಿಲ್ಲರೆ. ಚಾವಣಿಯ 48,000ಕ್ಕೆ ಹಚ್ಚಿದರೆ ಆರು ಸಾವಿರ. ಈ ಲೆಕ್ಕಕ್ಕೆ ಕಾನೂನು ಪದವಿ ಬೇಕಿಲ್ಲ, ನಾಲ್ಕನೇ ಕ್ಲಾಸಿನ ಭಿನ್ನರಾಶಿ ಸಾಕು. ಆದರೂ ಅಷ್ಟು ವರ್ಷ ಯಾರೂ ಕೂಡಿಸಿ ನೋಡಿರಲಿಲ್ಲ.

ಆಂಟಿಯ ಅಟ್ಟದ ವಿಷಯವೂ ಅಲ್ಲೇ ಇತ್ತು. ಅಟ್ಟದ ಜಾಗ ಅವರ ಲೀಸಿಗೆ ಸೇರಿದ್ದು ನಿಜ. ಆದರೆ ಚಾವಣಿ, ಅದರ ಮರಮಟ್ಟು, ಗಟಾರ, ಚಿಮಣಿ ಇವುಗಳ ರಿಪೇರಿ ಫ್ರೀಹೋಲ್ಡರನ ಹೊಣೆ ಅಂತ ಇನ್ನೊಂದು ಪುಟದಲ್ಲಿದೆ. ಯಾವ ಜಾಗ ಯಾರದ್ದು ಅನ್ನುವುದನ್ನೂ ರಿಪೇರಿ ಯಾರು ಮಾಡಬೇಕು ಅನ್ನುವುದನ್ನೂ ಬೇರೆ ಬೇರೆಯಾಗಿ ಓದಬೇಕು. ಏಜೆಂಟು ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮುಚ್ಚಿಟ್ಟಿದ್ದರು. ಬೆಂಗಳೂರಿನಲ್ಲಿ ನನ್ನ ಅಣ್ಣನ ಅಪಾರ್ಟ್‌ಮೆಂಟಿನಲ್ಲಿ ಮೇಂಟೆನೆನ್ಸ್ ಚದರಡಿಗೆ ಇಷ್ಟೋ, ಮನೆಗೆ ಇಷ್ಟೋ ಅಂತ ಪ್ರತಿ ಜನರಲ್ ಬಾಡಿಯಲ್ಲೂ ರಂಪ. ಇಲ್ಲಿ ಕೂಗಾಡಲು ಸಭೆಯೇ ಇಲ್ಲ. ಏನಿದ್ದರೂ ನಲವತ್ತು ವರ್ಷದ ಹಿಂದೆ ಟೈಪು ಮಾಡಿದ ಕಾಗದದಲ್ಲೇ ಹುಡುಕಬೇಕು.

ಈಗ ಲೆಕ್ಕ ತಿದ್ದಿಸಬೇಕು. 1987ರ ಲ್ಯಾಂಡ್‌ಲಾರ್ಡ್ ಆ್ಯಂಡ್ ಟೆನೆಂಟ್ ಕಾಯ್ದೆಯ ಸೆಕ್ಷನ್ 37ರಲ್ಲಿ ಹೆಚ್ಚಿನವರ ಒಪ್ಪಿಗೆಯಿಂದ ಲೀಸುಗಳನ್ನು ತಿದ್ದಿಸಬಹುದು, ಅದು ಈ ವಿಷಯ ಬಲ್ಲವರಿಗೆಲ್ಲ ಗೊತ್ತು. ಒಂಬತ್ತಕ್ಕಿಂತ ಕಡಿಮೆ ಲೀಸಿದ್ದರೆ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಒಪ್ಪಬೇಕು, ಫ್ರೀಹೋಲ್ಡರನನ್ನೂ ಒಬ್ಬ ಅಂತ ಎಣಿಸುತ್ತಾರೆ. ಅವನು ಒಪ್ಪುವುದಿಲ್ಲ, ಅಂದರೆ ನಾವು ಎಂಟೂ ಜನ ಸಹಿ ಹಾಕಬೇಕು. ಹಾಂಗ್‌ಕಾಂಗಿನವರು ಸಿಗಲಿಲ್ಲ. ಅಲ್ಲಿಗೆ ಮುಗಿಯಿತು ಅಂತ ಸಾಲಿಸಿಟರು ಫೈಲು ಮುಚ್ಚಿದರು. ಅದೇ ಕಾಯ್ದೆಯಲ್ಲಿ ಎರಡು ಸೆಕ್ಷನ್ ಹಿಂದೆ 35 ಇದೆ. ಪಾಲುಗಳ ಒಟ್ಟು ಮೊತ್ತ ಪೂರ್ತಿ ಖರ್ಚಿಗಿಂತ ಹೆಚ್ಚಾದರೂ ಕಡಿಮೆಯಾದರೂ ಲೀಸು ಸರಿಯಿಲ್ಲ ಅಂತ ಅದರಲ್ಲೇ ಬರೆದಿದೆ, ಮತ್ತು ಅರ್ಜಿ ಹಾಕಲು ಬಹುಮತ ಬೇಡ. ಒಬ್ಬನೇ ಹಾಕಬಹುದು. ನಾನು ಹಾಕಿದೆ, ಆಮೇಲೆ ಉಳಿದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಲೀಸಿಗೆ ಸೇರಿಕೊಂಡರು. ಹಾಂಗ್‌ಕಾಂಗಿನವರನ್ನು ಕೊನೆಗೆ ಹೇಗೆ ಹುಡುಕಿದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಕಾನೂನುಬದ್ಧವೇ, ಆದರೆ ಎಲ್ಲರೂ ಶುರು ಮಾಡಿದರೆ ಆ ದಾರಿ ಬಂದ್ ಆಗುತ್ತದೆ.

ಟ್ರಿಬ್ಯುನಲಿಗೆ (ಇಂಥ ತಕರಾರು ಕೇಳುವ ನ್ಯಾಯಮಂಡಳಿಗೆ) ಅರ್ಜಿ ಫೀಸು ಆಗ 100 ಪೌಂಡ್. ವಿಚಾರಣೆ ನಡೆದಿದ್ದರೆ ಇನ್ನೂ 200. ನಾನು ಕಳಿಸಿದ ಲೆಕ್ಕ ಒಂದೇ ಹಾಳೆ: ಎಂಟು ಸಾಲು, ಕೆಳಗೆ 112.5. ಅದನ್ನು ಕಂಡ ಮೇಲೆ ಫ್ರೀಹೋಲ್ಡರನ ವಕೀಲರು ವಿರೋಧವಿಲ್ಲ ಅಂತ ಬರೆದರು. ಕಾಗದದ ಮೇಲೇ ತೀರ್ಮಾನವಾಯಿತು, 200 ಉಳಿಯಿತು. ಜೊತೆಗೆ 1985ರ ಲ್ಯಾಂಡ್‌ಲಾರ್ಡ್ ಆ್ಯಂಡ್ ಟೆನೆಂಟ್ ಕಾಯ್ದೆಯ ಸೆಕ್ಷನ್ 20ಸಿ ಅರ್ಜಿಯನ್ನೂ ಮರೆಯದೆ ಹಾಕಿ. ಇಲ್ಲದಿದ್ದರೆ ಅವರ ವಕೀಲರ ಬಿಲ್ಲು ಮುಂದಿನ ಸರ್ವೀಸ್ ಚಾರ್ಜಿನಲ್ಲಿ ನಿಮ್ಮ ಮನೆಗೇ ಬರಬಹುದು.

ಈ ನಡುವೆ ಚಾವಣಿಯ ಮೇಲೆ ನನ್ನ ಪ್ರಯೋಗಗಳು ನಡೆದಿದ್ದವು. ಕಿಟಕಿ ಒರೆಸುವ ಉದ್ದ ಕೋಲಿಗೆ ಫೋನ್ ಕಟ್ಟಿ ವಿಡಿಯೋ ತೆಗೆದೆ. ಮೊದಲ ಫೋನು ಗಟಾರಕ್ಕೆ ಬಿತ್ತು, ಅದರ ಖರ್ಚನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇಪ್ಪತ್ತು ಪೌಂಡಿನ ತೇವದ ಮೀಟರ್ ಕೊಂಡು ಅಟ್ಟದ ಮರಗಳಿಗೆ ಚುಚ್ಚಿ ಚುಚ್ಚಿ ನಕ್ಷೆ ಬರೆದೆ. ಅಡುಗೆ ಬಣ್ಣ ಕಲಸಿದ ನೀರನ್ನು ಚಿಮಣಿಯ ಬುಡಕ್ಕೆ ಸುರಿಸಿದಾಗ ಆಂಟಿಯ ಹಾಲ್‌ನಲ್ಲಿ ಕೆಂಪು ಕಲೆ ಮೂಡಿತು. ಸೋರುತ್ತಿದ್ದುದು ಹಂಚಲ್ಲ, ಚಿಮಣಿ ಸುತ್ತಲಿನ ಸೀಸದ ಹಾಳೆ ಮತ್ತು ಹಿಂದಿನ ಇಳಿಜಾರು. ಆಂಟಿ ಗೋಡೆಯ ಬಣ್ಣಕ್ಕೆ ಬೈದರು, ಆದರೆ ವರದಿಗೆ ಸಾಕ್ಷಿ ಸಿಕ್ಕಿತು. ಸರ್ವೇಯರಿಗೆ 600 ಕೊಟ್ಟೆವು, ಅವರೂ ಅದನ್ನೇ ಬರೆದರು.

ಏಜೆಂಟು ಸೆಕ್ಷನ್ 20 ಪ್ರಕ್ರಿಯೆಯನ್ನು ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಮೊದಲ ಮೂವತ್ತು ದಿನದಲ್ಲಿ ಲೀಸ್‌ಹೋಲ್ಡರುಗಳೇ ಒಬ್ಬ ಕಾಂಟ್ರ್ಯಾಕ್ಟರನ ಹೆಸರು ಸೂಚಿಸಬಹುದು. ಅವರಿಂದ ಎಸ್ಟಿಮೇಟ್ ತರಿಸಲು ಫ್ರೀಹೋಲ್ಡರ್ ಪ್ರಯತ್ನಿಸಲೇಬೇಕು. ನಾವು ಎಂಟೂ ಜನ ಒಂದೇ ಹೆಸರು ಕೊಟ್ಟೆವು. ಅವರದ್ದು 31,000ದ ಆಸುಪಾಸು, ಅದರಲ್ಲಿ ಸ್ಕ್ಯಾಫೋಲ್ಡಿಂಗಿಗೇ ಆರೇಳು ಸಾವಿರ. ಎಂಟನೇ ಒಂದು ಪಾಲು, ನನಗೆ 3,875. ಹಳೇ ಲೆಕ್ಕಕ್ಕಿಂತ ಮೂರು ಸಾವಿರ ಕಡಿಮೆ.

ಹಳೇ ವರ್ಷಗಳಲ್ಲಿ ಹೆಚ್ಚಾಗಿ ವಸೂಲಾದದ್ದರಲ್ಲಿ ಎರಡು ವರ್ಷದ್ದು ಕ್ರೆಡಿಟ್ ಆಗಿ ಬಂದಿದೆ, ಉಳಿದದ್ದಕ್ಕೆ ಇನ್ನೂ ಪತ್ರವ್ಯವಹಾರ. ಟ್ರಿಬ್ಯುನಲ್ ಆದೇಶ ಸಿಕ್ಕಿದ ಕೂಡಲೇ ಅದನ್ನು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಪ್ರತಿ ಟೈಟಲಿನ ಮೇಲೂ ನಮೂದು ಮಾಡಿಸಿ. ನಮ್ಮಲ್ಲಿ ಐದು ಫ್ಲ್ಯಾಟಿನದ್ದು ಆಗಿದೆ. ಕೆಳಗಿನ ಹುಡುಗ ಇನ್ನೂ ಮಾಡಿಸಿಲ್ಲ, ಈಗ ಮಾರಲು ಹೊರಟಿದ್ದಾನೆ. ಕೊಳ್ಳುವವರ ಸಾಲಿಸಿಟರು ಹಳೇ ಲೀಸನ್ನು ಹಿಡಿದು "ಏಳನೇ ಒಂದೋ ಎಂಟನೇ ಒಂದೋ" ಎಂದು ಕೇಳಿ ಮೂರು ವಾರವಾಯಿತು.