ಎರಡು ವರ್ಷದ ಮಾಸ್ಟರ್ಸ್‌ಗೆ ಸಾಲದ ಲೆಕ್ಕ ಹಾಕುವುದು ಹೀಗೆ

ಜಯನಗರದ ಬ್ಯಾಂಕೊಂದರಲ್ಲಿ ಎಜುಕೇಶನ್ ಲೋನ್ ನೋಡಿಕೊಳ್ಳುತ್ತಿದ್ದವಳು ನಾನು. "ಮೇಡಂ, ಫಾರಿನ್‌ನಲ್ಲಿ ಒಂದೇ ವರ್ಷದ ಕೋರ್ಸ್ ಆದ್ರೆ ಸಾಲ ಕಮ್ಮಿ ಅಲ್ವಾ?" ಅಂತ ಬಂದವರೆಲ್ಲ ಕೇಳುತ್ತಿದ್ದರು. ಎಷ್ಟೋ ಸಲ ಹಾಗಾಗುವುದಿಲ್ಲ. ಓದುವಾಗ ನಿಮ್ಮ ಮಗಳು ಎಷ್ಟು ದುಡಿಯಬಹುದು, ಬ್ಯಾಂಕಿನ ದುಡ್ಡು ಯಾವ್ಯಾವಾಗ ಕೈಗೆ ಬರುತ್ತದೆ, ಇವೆರಡನ್ನು ಮೊದಲು ನೋಡಿ.

ಜರ್ಮನಿಯನ್ನೇ ತಗೊಳ್ಳಿ. ಮಾಸ್ಟರ್ಸ್ ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರ್. ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಷನ್ ಫೀ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ನಮ್ಮ ಮಕ್ಕಳಿಗೆ ಸೆಮಿಸ್ಟರಿಗೆ 1,500 ಯುರೋ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿಯೂ 2024ರಿಂದ ಫೀ ಹಾಕುತ್ತಿದೆ, ವಿಚಾರಿಸಿಕೊಳ್ಳಿ. ವೀಸಾಗೆ ಒಂದು ವರ್ಷದ ಖರ್ಚು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ದುಡ್ಡು ಬಿಡುವ ಖಾತೆಯಲ್ಲಿ, ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯುರೋ, ತಿಂಗಳಿಗೆ 992. ಓದುತ್ತಲೇ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು. ಹಾಗಾಗಿ ಎರಡನೇ ವರ್ಷದ ಬಾಡಿಗೆ, ಊಟದಲ್ಲಿ ಒಂದು ಪಾಲನ್ನು ಅವಳೇ ನೋಡಿಕೊಳ್ಳಬಹುದು. ಆದರೂ ಕೆಲಸ ಸಿಕ್ಕೇ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಎರಡನೇ ವರ್ಷದ ಮೊತ್ತವನ್ನೂ ಸ್ಯಾಂಕ್ಷನ್ ಮಾಡಿಸಿಟ್ಟುಕೊಳ್ಳಿ, ಬೇಕಾದಾಗ ಮಾತ್ರ ಎತ್ತಿ.

ಅಮೆರಿಕದಲ್ಲಿ ಫೀ ಕ್ರೆಡಿಟ್ ಲೆಕ್ಕದಲ್ಲಿದ್ದರೆ, ಅಂದರೆ ತಗೊಳ್ಳುವ ವಿಷಯಗಳಿಗೆ ತಕ್ಕಂತೆ ಇದ್ದರೆ, ಕೋರ್ಸ್ ಎರಡು ವರ್ಷಕ್ಕೆ ಹೋದರೂ ಮುಖ್ಯವಾಗಿ ಏರುವುದು ಬಾಡಿಗೆ, ಊಟದ ಖರ್ಚು. ಬದಲಿಗೆ ಮಧ್ಯೆ ಒಂದು ಬೇಸಿಗೆ ಸಿಗುತ್ತದೆ. ಒಂದು ವರ್ಷ ಓದಿದ ಮೇಲೆ ಸಿಪಿಟಿ, ಅಂದರೆ ಓದಿನ ಭಾಗವಾಗಿ ಕೆಲಸ ಮಾಡಲು ಸಿಗುವ ಅನುಮತಿಯಡಿ, ಸಂಬಳದ ಇಂಟರ್ನ್‌ಶಿಪ್‌ಗೆ ದಾರಿ ಇದೆ. ಕೆನಡಾದಲ್ಲಿ 2024ರಿಂದ ಎರಡು ವರ್ಷಕ್ಕಿಂತ ಚಿಕ್ಕ ಮಾಸ್ಟರ್ಸ್ ಮಾಡಿದವರಿಗೂ ಮೂರು ವರ್ಷದ ವರ್ಕ್ ಪರ್ಮಿಟ್ ಸಿಗಬಹುದು. ಅದೊಂದಕ್ಕಾಗಿ ಸುಮ್ನೆ ಉದ್ದದ ಕೋರ್ಸ್ ಹಿಡಿಯಬೇಡಿ.

ಇನ್ನು ಬಡ್ಡಿ. ಮೊರಟೋರಿಯಂ, ಅಂದರೆ ಸಾಲ ತೀರಿಸುವುದು ಶುರುವಾಗುವ ಮೊದಲಿನ ಅವಧಿಯಲ್ಲಿ, ಕಂತು ಇರುವುದಿಲ್ಲ, ಬಡ್ಡಿ ಓಡುತ್ತಲೇ ಇರುತ್ತದೆ. 20 ಲಕ್ಷ ಸಾಲ, 10% ಸರಳ ಬಡ್ಡಿ, ಮೊರಟೋರಿಯಂ ಎರಡು ವರ್ಷದ ಓದು, ಅದರ ಮೇಲೆ ಆರು ತಿಂಗಳು ಅಂದುಕೊಳ್ಳಿ. ಮೊದಲ ದಿನವೇ ಪೂರ್ತಿ ಎತ್ತಿದರೆ ಬಡ್ಡಿ 5 ಲಕ್ಷ. ಅದನ್ನೇ ಸೆಮಿಸ್ಟರಿಗೆ 5 ಲಕ್ಷದಂತೆ ಎತ್ತಿದರೆ 3.5 ಲಕ್ಷ. ಒಂದೂವರೆ ಲಕ್ಷ ಉಳಿಯಿತು ನೋಡಿ! ಕೈಲಾದರೆ ಓದು ನಡೆಯುವಾಗಲೇ ತಿಂಗಳ ಬಡ್ಡಿಯನ್ನಾದರೂ ಕಟ್ಟಿ. ಇಲ್ಲದಿದ್ದರೆ ಅದೂ ಅಸಲಿಗೆ ಸೇರಿ ಇಎಂಐ ಜಾಸ್ತಿ ಆಗುತ್ತದೆ.

ಸ್ಯಾಂಕ್ಷನ್ ಲೆಟರ್ ಕೈಗೆ ಬಂದಾಗ ಸೆಮಿಸ್ಟರ್‌ವಾರು ಬಿಡುಗಡೆ ಅಂತ ಬರೆದಿದೆಯಾ, ಅಡ್ಮಿಷನ್ ಲೆಟರಿನಲ್ಲಿರುವ ಪೂರ್ತಿ ಅವಧಿಗೆ ಮೊರಟೋರಿಯಂ ಕೊಟ್ಟಿದ್ದಾರಾ ನೋಡಿ. ಥೀಸಿಸ್ ಎಳೆಯುವ ಹಾಗೆ ಕಂಡರೆ, ಅವಧಿ ಮುಗಿಯುವ ಮೊದಲೇ ಯೂನಿವರ್ಸಿಟಿಯ ಪತ್ರ ತರಿಸಿ ಬ್ರಾಂಚಿಗೆ ಕೊಡಿ.