ಡ್ಯಾನ್ಸ್ ಶೋಗೆ ಹೋದೆ, ಕಾಮಿಡಿ ಪಾತ್ರ ಸಿಕ್ಕಿತು

ಡ್ಯಾನ್ಸ್ ಶೋ ಮುಗಿದ ಮೇಲೆ ನನ್ನನ್ನು ಡ್ಯಾನ್ಸ್ ಮಾಡಿ ಎಂದು ಕರೆದವರು ಕಡಿಮೆ. ಬಂದಿದ್ದು ಒಂದು ಕಾಮಿಡಿ ಸಿನಿಮಾ, ಆಮೇಲೆ ನಿರೂಪಣೆ ಕೆಲಸ. ಅದಕ್ಕೂ ಮುಂಚೆ ವರ್ಷಗಟ್ಟಲೆ ನಾನು ಸೀರಿಯಲ್ ವಿಲನ್. ದಪ್ಪ ಕಾಡಿಗೆ, ಓರೆ ನೋಟ, ಬಾಗಿಲ ಹಿಂದೆ ನಿಂತು ಕದ್ದು ಕೇಳುವುದು. ಸಂಪಾದನೆಗೇನೂ ತೊಂದರೆ ಇರಲಿಲ್ಲ. ಆದರೆ ಬೇರೆ ಪಾತ್ರ ಕೇಳಿದಾಗಲೆಲ್ಲ "ನಿಮಗೆ ನೆಗೆಟಿವ್ವೇ ಚೆನ್ನಾಗಿ ಒಪ್ಪುತ್ತೆ ಮೇಡಂ" ಎನ್ನುತ್ತಿದ್ದರು. ಶೋಗೆ ಒಪ್ಪಿಕೊಂಡಿದ್ದು ಆ ಒಂದು ಮಾತಿನಿಂದ ತಪ್ಪಿಸಿಕೊಳ್ಳಲು.

ಈ ಥರದ ಶೋಗಳ ಲೆಕ್ಕಾಚಾರ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಹೆಸರಿರುವ ಒಬ್ಬರು, ಅವರಿಗೆ ಜೊತೆಯಾಗಿ ಡ್ಯಾನ್ಸನ್ನೇ ವೃತ್ತಿ ಮಾಡಿಕೊಂಡ ಒಬ್ಬರು. ಒಂದು ಕಡೆ ಜಡ್ಜ್‌ಗಳ ಅಂಕ, ಇನ್ನೊಂದು ಕಡೆ ನೋಡುವವರ ವೋಟು. ಬ್ರಿಟನ್ನಿನ ಬಿಬಿಸಿಯಲ್ಲಿ 2004ರಲ್ಲಿ ‘ಸ್ಟ್ರಿಕ್ಟ್ಲಿ ಕಮ್ ಡ್ಯಾನ್ಸಿಂಗ್’ ಶುರುವಾಯಿತು. ಮರುವರ್ಷ ಅಮೆರಿಕದಲ್ಲಿ ‘ಡ್ಯಾನ್ಸಿಂಗ್ ವಿತ್ ದಿ ಸ್ಟಾರ್ಸ್’, 2006ರಲ್ಲಿ ಹಿಂದಿಯಲ್ಲಿ ‘ಝಲಕ್ ದಿಖ್ಲಾ ಜಾ’. ಹಿಂದಿಯ ಆ ಮೊದಲ ಸೀಸನ್ ಗೆದ್ದವರು ಮೋನಾ ಸಿಂಗ್. ಅಲ್ಲಿಯವರೆಗೆ ಜನರಿಗೆ ಅವರ ಗುರುತು ಎಂದರೆ ದಪ್ಪ ಕನ್ನಡಕ, ಹಲ್ಲಿಗೆ ಕ್ಲಿಪ್ ಹಾಕಿಕೊಂಡ ಹುಡುಗಿಯ ಪಾತ್ರ. ಸ್ಟೇಜ್ ಮೇಲೆ ಕಂಡಿದ್ದು ಬೇರೆಯೇ ಮೋನಾ. ನನ್ನ ಮ್ಯಾನೇಜರ್ ಮಾತೆತ್ತಿದರೆ ಅವರ ಹೆಸರೇ ಹೇಳುತ್ತಿದ್ದರು.

ಡ್ಯಾನ್ಸಿಗೆ ಮುಂಚೆ ಒಂದು ಸಣ್ಣ ವಿಡಿಯೊ ಹಾಕುತ್ತಾರಲ್ವಾ, ವಿಟಿ? ನನ್ನ ಪ್ರಕಾರ ಕೆರಿಯರ್ ತಿರುಗುವುದು ಅಲ್ಲೇ. ಸೀರಿಯಲ್‌ನಲ್ಲಿ ಮಾತು, ಬಟ್ಟೆ, ಮೇಕಪ್ ಎಲ್ಲ ಬೇರೆಯವರದ್ದು. ವಿಟಿಯಲ್ಲಿ ಬೆವರು ಸುರಿಸುತ್ತಾ, ಹಳೇ ಟೀ ಶರ್ಟ್ ಹಾಕಿಕೊಂಡು ನೀವೇ ಇರುತ್ತೀರಿ. ರಿಹರ್ಸಲ್ ರೂಮಿನಲ್ಲಿ ಕ್ಯಾಮೆರಾ ಗಂಟೆಗಟ್ಟಲೆ ಓಡುತ್ತದೆ, ಟಿವಿಯಲ್ಲಿ ಬರುವುದು ಒಂದೆರಡು ನಿಮಿಷ. ಯಾವ ಒಂದೆರಡು ನಿಮಿಷ ಅನ್ನುವುದು ಎಡಿಟಿಂಗ್‌ನವರ ಇಷ್ಟ. ಅವರ ಕೈಗೆ ಏನು ಸಿಗಬೇಕು ಅನ್ನುವುದು ಮಾತ್ರ ಸ್ವಲ್ಪ ನಮ್ಮ ಕೈಯಲ್ಲಿರುತ್ತದೆ.

ನನ್ನ ಹತ್ತಿರವೂ ಕಣ್ಣೀರಿನ ಕಥೆ ಕೇಳಿದರು. ಅಮ್ಮನ ಕಾಯಿಲೆ ವಿಷಯ ಬೇಡ, ನನ್ನ ಮದುವೆ ವಿಷಯವೂ ಬೇಡ ಎಂದು ಮೊದಲ ಮೀಟಿಂಗಿನಲ್ಲೇ ಹೇಳಿಬಿಟ್ಟೆ. ಸುಮ್ನೆ ಬೇಡ ಅಂದರೆ ಅವರಿಗೂ ಕಷ್ಟ. ಬದಲಿಗೆ ನನಗೂ ನನ್ನ ಪಾರ್ಟ್ನರ್‌ಗೂ ನಡೆಯುತ್ತಿದ್ದ ಜಗಳವನ್ನು ಧಾರಾಳವಾಗಿ ಶೂಟ್ ಮಾಡಲು ಬಿಟ್ಟೆ. ಅವನು ನನಗಿಂತ ತುಂಬಾ ಚಿಕ್ಕವನು. "ಅಕ್ಕಾ, ಎಡಗಾಲು!" ಎಂದು ಕೂಗುತ್ತಿದ್ದ. "ಇದು ಎಡಗಾಲೇ ಕಣೋ!" ಎಂದು ನಾನು ಬಲಗಾಲು ಎತ್ತಿ ತೋರಿಸುತ್ತಿದ್ದೆ. ಸೀರಿಯಲ್‌ನಲ್ಲಿ ವಿಷ ಹಾಕುವ ಹೆಂಗಸು ತನ್ನನ್ನೇ ನೋಡಿ ನಗುತ್ತಾಳೆ ಎಂದು ಜನರಿಗೆ ಗೊತ್ತಾಗಿದ್ದು ಹೀಗೆ.

ಡ್ಯಾನ್ಸ್ ವಿಷಯದಲ್ಲಿ ಬುದ್ಧಿವಂತಿಕೆ ಪೂರ್ತಿ ಆ ಹುಡುಗನದ್ದು. ನನ್ನ ಸೊಂಟ ಬಗ್ಗುವುದಿಲ್ಲ, ಪಾರ್ಟ್ನರ್ ಮೇಲಕ್ಕೆತ್ತುವ ಲಿಫ್ಟ್ ಅಂದರೆ ಭಯ. ಆದರೆ ಇಷ್ಟು ವರ್ಷ ಕ್ಲೋಸಪ್‌ನಲ್ಲೇ ಬದುಕಿದವಳು, ಮುಖ ಕೆಲಸ ಮಾಡುತ್ತದೆ. ಅವನು ಸ್ಟೆಪ್ಸ್ ತುಂಬಿಸುವುದು ಬಿಟ್ಟು ಕಥೆ ಹುಡುಕತೊಡಗಿದ. ಒಂದು ರೌಂಡಿಗೆ ಸೊಳ್ಳೆ ಕಾಟಕ್ಕೆ ನಿದ್ದೆ ಬಾರದ ಹೆಂಗಸಿನ ಡ್ಯಾನ್ಸ್ ಮಾಡಿದೆವು. ಅವನೇ ಸೊಳ್ಳೆ. ಹಾಡು ಮುಗಿಯುವವರೆಗೂ ದಿಂಬು ಹಿಡಿದು ಅವನನ್ನು ಅಟ್ಟಿಸಿಕೊಂಡು ಹೋಗುವುದೇ ನನ್ನ ಕೆಲಸ. ಟೆಕ್ನಿಕ್ ಇಲ್ಲ ಎಂದು ಜಡ್ಜ್‌ಗಳು ಅಂಕ ಕಡಿಮೆ ಕೊಟ್ಟರು, ಸರಿಯೇ. ವೋಟು ಮಾತ್ರ ನಮ್ಮನ್ನು ಉಳಿಸಿತು. ಆ ತುಣುಕು ಫೋನಿಂದ ಫೋನಿಗೆ ಓಡಾಡಿತು. ಕಾಮಿಡಿ ಸಿನಿಮಾಗೆ ಕರೆದ ನಿರ್ದೇಶಕರು ನಮ್ಮ ಶೋವನ್ನು ಒಂದು ದಿನವೂ ನೋಡಿದವರಲ್ಲ. ಅವರ ಮಗಳು ಆ ಸೊಳ್ಳೆ ಡ್ಯಾನ್ಸ್ ತೋರಿಸಿದ್ದಳಂತೆ.

ಇಡೀ ಸೀಸನ್ನಿನ ಅಂಕಗಳು ಯಾರಿಗೂ ನೆನಪಿರುವುದಿಲ್ಲ, ಯಾವುದೋ ಒಂದು ಡ್ಯಾನ್ಸ್ ಉಳಿದುಬಿಡುತ್ತದೆ. 2021ರಲ್ಲಿ ಸ್ಟ್ರಿಕ್ಟ್ಲಿ ಗೆದ್ದ ನಟಿ ರೋಸ್ ಐಲಿಂಗ್ ಎಲ್ಲಿಸ್ ಆ ಶೋಗೆ ಬಂದ ಮೊದಲ ಕಿವುಡ ಸ್ಪರ್ಧಿ. ಒಂದು ವಾರ ಡ್ಯಾನ್ಸ್ ನಡುವೆ ಸಂಗೀತ ನಿಂತುಹೋಯಿತು, ಅವರೂ ಅವರ ಪಾರ್ಟ್ನರೂ ಸದ್ದೇ ಇಲ್ಲದೆ ಕುಣಿದರು. ಜನರೇ ವೋಟು ಹಾಕಿ ಆ ತುಣುಕಿಗೆ ಮರುವರ್ಷ ಬಾಫ್ಟಾ ಪ್ರಶಸ್ತಿ ಕೊಡಿಸಿದರು.

ನಾನು ಫೈನಲ್‌ವರೆಗೆ ಹೋಗಲಿಲ್ಲ. ಅದರಿಂದ ನಷ್ಟವೇನೂ ಆಗಲಿಲ್ಲ. ಅಮೆರಿಕದ ಶೋನಲ್ಲಿ 2013ರಲ್ಲಿ ನಟಿ ಜೆಂಡಾಯಾ ಬಂದಿದ್ದು ಎರಡನೇ ಸ್ಥಾನಕ್ಕೆ. (ಅವರು ಬೆಳೆದಿದ್ದು ಆ ಶೋನಿಂದಲೇ ಅನ್ನುವವರಿದ್ದಾರೆ. ನಾನು ಒಪ್ಪಲ್ಲ, ಮಕ್ಕಳ ಚಾನೆಲ್‌ನಲ್ಲಿ ಆಗಲೇ ಅವರಿಗೆ ಹೆಸರಿತ್ತು.) ಗೆಲ್ಲುವುದಕ್ಕಿಂತ ಜಾಸ್ತಿ ಮುಖ್ಯವಾದದ್ದು ಸಮಯ. ಕರೆಗಳು ಬರುವುದು ಶೋ ಪ್ರಸಾರವಾಗುತ್ತಿರುವಾಗ. ಮುಗಿದ ಮೇಲೆ ಜನ ಮುಂದಿನ ಶೋ ಮುಖಗಳನ್ನು ನೋಡುತ್ತಿರುತ್ತಾರೆ. ಹಾಗಾಗಿ ಮೊದಲ ಎಪಿಸೋಡಿಗೆ ಮುಂಚೆಯೇ ವಿಲನ್ ಮೇಕಪ್ ಇಲ್ಲದ ಹೊಸ ಫೋಟೊ ತೆಗೆಸಿದ್ದೆ. ಈವೆಂಟ್‌ಗೆ ಎಷ್ಟು ಕೇಳಬೇಕು ಎಂದೂ ಮಾತಾಡಿಕೊಂಡಿದ್ದೆವು. ವಾರಾಂತ್ಯದ ಎಪಿಸೋಡ್ ಆಗುತ್ತಿದ್ದಂತೆ ಮ್ಯಾನೇಜರ್ ಅದರಿಂದ ಚಿಕ್ಕ ತುಣುಕು ಕತ್ತರಿಸಿ ಗೊತ್ತಿರುವ ನಿರ್ದೇಶಕರಿಗೆ ಕಳಿಸುತ್ತಿದ್ದರು. ಪೂರ್ತಿ ಡ್ಯಾನ್ಸ್ ಕಳಿಸಿದರೆ ಯಾರೂ ನೋಡುವುದಿಲ್ಲ.

ಜೊತೆಗೆ ಕುಣಿಯುವವರಿಗೂ ಇದರಿಂದ ದಾರಿ ಆಗುತ್ತದೆ. ಅಮೆರಿಕದ ಶೋನ ಡ್ಯಾನ್ಸರ್ ಡೆರೆಕ್ ಹಫ್ ಬೇರೆ ಬೇರೆ ಸೆಲೆಬ್ರಿಟಿಗಳ ಜೊತೆ ಆರು ಸಲ ಗೆದ್ದು, ಕೊರಿಯೋಗ್ರಫಿಗೆ ಎಮ್ಮಿ ಟಿವಿ ಪ್ರಶಸ್ತಿ ಪಡೆದು, 2020ರಲ್ಲಿ ಅದೇ ಶೋಗೆ ಜಡ್ಜ್ ಆಗಿ ಬಂದರು. ನನ್ನ ಹುಡುಗ ಈಗ ಸಿನಿಮಾ ಹಾಡುಗಳಿಗೆ ಸ್ಟೆಪ್ಸ್ ಹಾಕಿಸುತ್ತಿದ್ದಾನೆ.

ಎಲ್ಲ ಬಿಟ್ಟಿಯಾಗಿ ಸಿಗಲಿಲ್ಲ. ಹಗಲು ಸೀರಿಯಲ್, ರಾತ್ರಿ ರಿಹರ್ಸಲ್ ಎರಡೂ ಆಗದು ಎಂದು ಸೀರಿಯಲ್‌ನವರನ್ನು ಕೇಳಿಕೊಂಡೆ, ನನ್ನ ಪಾತ್ರವನ್ನು ಕೆಲಕಾಲ ಜೈಲಿಗೆ ಕಳಿಸಿದರು. ಅಷ್ಟು ದಿನದ ಸಂಬಳ ಹೋಯಿತು. ಮೊಣಕಾಲು ಊದಿಕೊಂಡಾಗ ಫಿಸಿಯೋಥೆರಪಿ ಖರ್ಚು ಯಾರದ್ದು ಎನ್ನುವ ಪ್ರಶ್ನೆ ಬಂತು. ಅದು ಅಗ್ರಿಮೆಂಟಿನಲ್ಲಿ ಇದ್ದಿದ್ದರಿಂದ ಬಚಾವಾದೆ.

ಈಗ ಯಾರಾದರೂ ಇಂಥ ಶೋನಿಂದ ಕರೆ ಬಂದಿದೆ ಎಂದರೆ ನಾನು ಮೊದಲು ಕೇಳುವುದು ಆ ಅಗ್ರಿಮೆಂಟನ್ನೇ. ಪೆಟ್ಟಾದರೆ ಖರ್ಚು ಯಾರದ್ದು, ಬೇಗ ಎಲಿಮಿನೇಟ್ ಆದರೆ ದುಡ್ಡು ಎಷ್ಟು, ಶೋ ಮುಗಿದ ಮೇಲೆ ಎಷ್ಟು ತಿಂಗಳು ಬೇರೆ ಚಾನೆಲ್‌ನಲ್ಲಿ ಕಾಣಿಸಿಕೊಳ್ಳುವ ಹಾಗಿಲ್ಲ. ಕೊನೆಯದ್ದನ್ನು ಎರಡು ಸಲ ಓದಿ. ಶೋ ನಡೆಯುವಾಗ ಬಂದ ಕರೆಗಳ ಕೆಲಸ ಮಾಡಬೇಕಾದ ತಿಂಗಳುಗಳೂ ಅವೇ. ನಾವು ಆ ಸಾಲಿಗೆ ‘ಸಿನಿಮಾ ಮತ್ತು ಸ್ಟೇಜ್ ಕಾರ್ಯಕ್ರಮ ಬಿಟ್ಟು’ ಎಂದು ಸೇರಿಸಿದ ಮೇಲೆಯೇ ನಾನು ಸಹಿ ಹಾಕಿದ್ದು.